ಅಪಾಚೆಯಲ್ಲಿ ಮಾಡ್_ಪ್ರಾಕ್ಸಿ ತೆಗೆಯುವ ಮುನ್ನ

ಮಾಡ್_ಪ್ರಾಕ್ಸಿ ಎಂದರೆ ಬಂದ ರಿಕ್ವೆಸ್ಟನ್ನು ಬೇರೆ ಸರ್ವರಿಗೆ ದಾಟಿಸುವ, ಅಪಾಚೆ ವೆಬ್ ಸರ್ವರಿನ ಮಾಡ್ಯೂಲ್. ಅದನ್ನು ತೆಗೆದುಬಿಡೋಣವೇ ಎಂಬ ಯೋಚನೆ ಹೆಚ್ಚಾಗಿ ಬರುವುದು ಆಕ್ಸೆಸ್ ಲಾಗ್ (ಬಂದ ರಿಕ್ವೆಸ್ಟುಗಳ ದಾಖಲೆ) ನೋಡಿದಾಗ. ಯಾರೋ ಬೇರೆ ಸೈಟಿನ ಪೂರ್ತಿ ವಿಳಾಸ ಹಾಕಿ ಗೆಟ್ ಕಳಿಸಿರುತ್ತಾರೆ, ನಮ್ಮ ಸರ್ವರ್ 200 (ಸರಿ ಎಂಬ ಉತ್ತರ) ಕೊಟ್ಟಿರುತ್ತದೆ. ಅಷ್ಟಕ್ಕೇ ಅದು ಓಪನ್ ಪ್ರಾಕ್ಸಿ (ಯಾರು ಬೇಕಾದರೂ ಬೇರೆ ಸೈಟಿಗೆ ಹೋಗಲು ಬಳಸಬಹುದಾದ ಸರ್ವರ್) ಅಂದುಕೊಳ್ಳಬೇಡಿ. ಹಾಗೆ ಹೊರಗಿನ ಸೈಟಿಗೆ ದಾಟಿಸಲು ಬಿಡುವ ಪ್ರಾಕ್ಸಿರಿಕ್ವೆಸ್ಟ್ಸ್ ಸೆಟ್ಟಿಂಗ್ ಆಫ್ ಇದ್ದಾಗ (ಡಿಫಾಲ್ಟ್ ಅದೇ) ಗೊತ್ತಿಲ್ಲದ ಹೋಸ್ಟ್ ಹೆಸರಿಗೆ ಅಪಾಚೆ ಮೊದಲ ವರ್ಚುವಲ್ ಹೋಸ್ಟಿನ (ಆ ಸರ್ವರಿನಲ್ಲಿರುವ ಸೈಟುಗಳಲ್ಲಿ ಮೊದಲನೆಯದರ) ಪುಟವನ್ನೇ ಕೊಡುತ್ತದೆ. ಬೇರೆ ಮೆಷಿನ್‌ನಿಂದ ಕರ್ಲ್ ಎಂಬ ಕಮಾಂಡಿಗೆ ನಿಮ್ಮ ಸರ್ವರನ್ನೇ ಪ್ರಾಕ್ಸಿಯಾಗಿ ಕೊಟ್ಟು ಹೊರಗಿನ ಸೈಟೊಂದನ್ನು ಕೇಳಿ. ಬಂದದ್ದು ನಿಮ್ಮದೇ ಪುಟವಾದರೆ ಭಯವಿಲ್ಲ. ಹೊರಗಿನ ಪುಟ ಬಂದರೆ ಪ್ರಾಕ್ಸಿರಿಕ್ವೆಸ್ಟ್ಸ್ ಕೂಡಲೇ ಆಫ್ ಮಾಡಿ. ರಿವರ್ಸ್ ಪ್ರಾಕ್ಸಿಗೆ (ನಮ್ಮದೇ ಬೇರೆ ಸರ್ವರಿಗೆ ದಾಟಿಸುವುದಕ್ಕೆ) ಅದು ಬೇಕೇ ಇಲ್ಲ.

ಬಳಸದ ಮಾಡ್ಯೂಲ್ ತೆಗೆಯುವುದು ಒಳ್ಳೆಯದೇ. ಅಪಾಚೆ 2.4.48 ಮತ್ತು ಹಿಂದಿನ ಆವೃತ್ತಿಗಳಲ್ಲಿದ್ದ ಸಿವಿಇ-2021-40438 ಎಂಬ ಮಾಡ್_ಪ್ರಾಕ್ಸಿ ದೋಷದಿಂದ, ಹೊರಗಿನವರು ತಮಗೆ ಬೇಕಾದ ಸರ್ವರಿಗೆ ರಿಕ್ವೆಸ್ಟ್ ಹೊರಳಿಸಬಹುದಿತ್ತು. ಆದರೆ ಅದಕ್ಕೆ ಮೊದಲ ಮದ್ದು ಅಪ್‌ಡೇಟ್.

ಇನ್ನು ಮಾಡ್ಯೂಲನ್ನು ಯಾರು ಬಳಸುತ್ತಿದ್ದಾರೆ ಎಂಬುದು. ಯಾವ ವಿಳಾಸವನ್ನು ಯಾವ ಸರ್ವರಿಗೆ ದಾಟಿಸಬೇಕೆಂದು ಹೇಳುವ ಪ್ರಾಕ್ಸಿಪಾಸ್ ಸಾಲು ಇದ್ದರೆ ಪತ್ತೆ ಸುಲಭ: ಮಾಡ್ಯೂಲ್ ಹೋದ ಮೇಲೆ ಕಾನ್ಫಿಗ್‌ಟೆಸ್ಟ್ (ಸೆಟ್ಟಿಂಗ್ ಫೈಲುಗಳನ್ನು ಪರೀಕ್ಷಿಸುವ ಕಮಾಂಡ್) 'ಇನ್‌ವ್ಯಾಲಿಡ್ ಕಮಾಂಡ್' ಎಂದು ನಿಲ್ಲಿಸುತ್ತದೆ. ಕೂಗದೆ ಮುರಿಯುವ ಜಾಗಗಳೇ ಅಪಾಯ. ವಿಳಾಸ ಬದಲಿಸುವ ರೀರೈಟ್‌ರೂಲ್ ಸಾಲಿನ ಪಿ ಫ್ಲ್ಯಾಗ್‌ಗೆ (ಬೇರೆ ಸರ್ವರಿಗೆ ದಾಟಿಸು ಎಂಬ ಗುರುತು) ಮಾಡ್_ಪ್ರಾಕ್ಸಿ ಬೇಕು; ಇಲ್ಲದಿದ್ದರೆ 403 (ಪ್ರವೇಶವಿಲ್ಲ) ಬರುತ್ತದೆ, ಕಾರಣ ಎರರ್ ಲಾಗಿನಲ್ಲಿ ಮಾತ್ರ ಸಿಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಪಿಎಚ್‌ಪಿ-ಎಫ್‌ಪಿಎಂ, ಅಂದರೆ ಪಿಎಚ್‌ಪಿ ಫೈಲುಗಳನ್ನು ಅಪಾಚೆಯ ಹೊರಗೆ ಓಡಿಸುವ ಪ್ರೋಗ್ರಾಂ. ಡೆಬಿಯನ್ ಲಿನಕ್ಸ್‌ನಲ್ಲಿ ಫೈಲನ್ನು ಅದರ ಕೈಗೆ ಕೊಡುವ ಸೆಟ್‌ಹ್ಯಾಂಡ್ಲರ್ ಸಾಲು ಇಫ್‌ಮಾಡ್ಯೂಲ್ ಒಳಗಿರುತ್ತದೆ, ಅಂದರೆ ಮಾಡ್ಯೂಲ್ ಇದ್ದರಷ್ಟೇ ಲೆಕ್ಕಕ್ಕೆ. ಎಫ್‌ಪಿಎಂ ಜೊತೆ ಮಾತಾಡುವ ಉಪಮಾಡ್ಯೂಲ್ ಪ್ರಾಕ್ಸಿ_ಎಫ್‌ಸಿಜಿಐ ತೆಗೆದೊಡನೆ ಆ ಭಾಗವನ್ನೇ ಅಪಾಚೆ ಬಿಟ್ಟುಬಿಡುತ್ತದೆ, ಕಾನ್ಫಿಗ್‌ಟೆಸ್ಟ್ 'ಸಿಂಟ್ಯಾಕ್ಸ್ ಓಕೆ' ಎನ್ನುತ್ತದೆ. ಪಿಎಚ್‌ಪಿ ಫೈಲುಗಳನ್ನು ಓಡಿಸುವವರು ಯಾರೂ ಇಲ್ಲದೆ ಅವು ಸಾದಾ ಫೈಲುಗಳಂತೆ ಹೊರಹೋಗುತ್ತವೆ. ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಬರೆದಿದ್ದರೆ ಅದೂ ಹೋಯಿತು. ಹಾಗಾಗಿ ಹೊರಗಿನ ಟ್ರಾಫಿಕ್ಕನ್ನು ಫೈರ್‌ವಾಲ್‌ನಲ್ಲಿ ತಡೆದಿಟ್ಟೇ ರೀಸ್ಟಾರ್ಟ್ ಮಾಡಿ. ಆಮೇಲೆ ಸರ್ವರಿನೊಳಗಿಂದಲೇ ಒಂದು ಪಿಎಚ್‌ಪಿ ಪುಟವನ್ನು ಕರ್ಲ್‌ನಿಂದ ತರಿಸಿ, ಎಚ್‌ಟಿಎಂಎಲ್ ಬಂತೋ ಸೋರ್ಸ್ ಬಂತೋ ಕಣ್ಣಾರೆ ನೋಡಿ.

ಹುಡುಕುವಾಗ ಕಾನ್ಫಿಗ್ ಫೋಲ್ಡರ್ ಒಂದನ್ನೇ ಗ್ರೆಪ್ (ಪದ ಹುಡುಕುವ ಕಮಾಂಡ್) ಮಾಡಿ ಬಿಡಬೇಡಿ, ಸೈಟಿನ ಫೈಲುಗಳಿರುವ ಡಾಕ್ಯುಮೆಂಟ್ ರೂಟನ್ನೂ ಮಾಡಿ. ಕಾನ್ಫಿಗ್‌ಟೆಸ್ಟ್ ಅಲ್ಲಿನ ಫೋಲ್ಡರುಗಳ ಸೆಟ್ಟಿಂಗ್ ಇರುವ .ಎಚ್‌ಟಿಆಕ್ಸೆಸ್ ಫೈಲುಗಳನ್ನು ಓದುವುದೇ ಇಲ್ಲ. ಅಲ್ಲಿರುವ ಪಿ ಫ್ಲ್ಯಾಗ್, ಸೆಟ್‌ಹ್ಯಾಂಡ್ಲರ್ ರಿಕ್ವೆಸ್ಟ್ ಬಂದಾಗಲೇ ಬಯಲಾಗುತ್ತವೆ.

ನನ್ನ ಪ್ರಕಾರ ಎಫ್‌ಪಿಎಂ ಬಳಸುವವರು ಪ್ರಾಕ್ಸಿ ಮತ್ತು ಪ್ರಾಕ್ಸಿ_ಎಫ್‌ಸಿಜಿಐ ಉಳಿಸಿಕೊಂಡು, ಪ್ರಾಕ್ಸಿ_ಎಫ್‌ಟಿಪಿ, ಪ್ರಾಕ್ಸಿ_ಕನೆಕ್ಟ್‌ಗಳನ್ನು ತೆಗೆದರೆ ಸಾಕು. ಅಪಾಚೆಯ ಹಿಂಬದಿಯಲ್ಲಿ ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರ್ ಇಲ್ಲದಿದ್ದರೆ ಪ್ರಾಕ್ಸಿ_ಎಜೆಪಿ ಕೂಡ. ಯಾವುದೂ ಬೇಡವೆಂದು ಖಚಿತವಾದರೆ ಉಪಮಾಡ್ಯೂಲ್‌ಗಳನ್ನು ಮೊದಲು, ಪ್ರಾಕ್ಸಿಯನ್ನು ಕೊನೆಗೆ, ಡೆಬಿಯನ್‌ನಲ್ಲಿ ಮಾಡ್ಯೂಲ್ ತೆಗೆಯುವ ಎ2ಡಿಸ್‌ಮಾಡ್ ಕಮಾಂಡಿನಿಂದ ತೆಗೆಯಿರಿ. ರೆಡ್ ಹ್ಯಾಟ್ ಬಳಗದಲ್ಲಿ 00-ಪ್ರಾಕ್ಸಿ.ಕಾನ್ಫ್ ಫೈಲಿನ ಸಾಲುಗಳ ಮುಂದೆ ಹ್ಯಾಶ್ ಹಾಕಿ. ಪ್ರಾಕ್ಸಿಯ ಸಾಲಿಗಷ್ಟೇ ಹಾಕಿ ಪ್ರಾಕ್ಸಿ_ಎಚ್‌ಟಿಟಿಪಿ ಬಿಟ್ಟಿರೋ, 'ಅನ್‌ಡಿಫೈನ್ಡ್ ಸಿಂಬಲ್' ಎಂದು ಸರ್ವರ್ ಏಳುವುದೇ ಇಲ್ಲ.