ಒತ್ತಿದ್ರೂ ಕೇಳದ ಎಕ್ಸಿಲೇಟರ್

ಚಾರ್ಮಾಡಿ ಘಾಟಿ ಇನ್ನೇನು ಹತ್ತಿ ಮುಗೀತು ಅನ್ನೋವಾಗ ನಮ್ಮ ಪಿಕಪ್ಪು ಕೈ ಕೊಡ್ತು. ಉಜಿರೆಯಿಂದ ಹಂಚು ಲೋಡ್ ಮಾಡ್ಕೊಂಡು ಮೂಡಿಗೆರೆಗೆ ಬರ್ತಿದ್ವಿ, ಭಾವ ಓಡಿಸ್ತಿದ್ರು, ಮಳೆ, ಮಂಜು ಎರಡೂ ಇತ್ತು. ಎಕ್ಸಿಲೇಟರ್ ಪೂರ್ತಿ ಒತ್ತಿದ್ರೂ ಇಂಜಿನ್ ಸೌಂಡೇ ಏರ್ತಿಲ್ಲ, ಮೀಟರಲ್ಲಿ ಚೆಕ್ ಲೈಟ್ ಉರೀತಾ ಇದೆ. ಆದ್ರೆ ಇಂಜಿನ್ ಆಫ್ ಆಗಿಲ್ಲ, ಐಡಲ್, ಅಂದ್ರೆ ಕಾಲು ಒತ್ತದೇ ಇದ್ದಾಗ ಇಂಜಿನ್ ತಿರುಗೋ ಸ್ಪೀಡು, ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಏರಿ ಹಾಗೇ ನಿಂತ್ಬಿಟ್ಟಿದೆ. ಆ ಐಡಲಲ್ಲೇ ಫಸ್ಟ್ ಗೇರಲ್ಲಿ ತೆವಳ್ಕೊಂಡು ಹೇಗೋ ಕೊಟ್ಟಿಗೆಹಾರ ಸೇರಿದ್ವಿ.

ಅಲ್ಲಿ ಸೇರಿದೋರೆಲ್ಲ ಒಂದೊಂದು ಹೇಳಿದ್ರು. ಡೀಸೆಲ್ ಫಿಲ್ಟರ್ ಕಟ್ಟಿದೆ, ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೊ ಹೋಗಿದೆ, ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಬಿಚ್ಚಬೇಕು ಅಂತ. ನಂಗ್ಯಾಕೋ ಒಪ್ಪಿಗೆ ಆಗ್ಲಿಲ್ಲ. ಡೀಸೆಲ್ ಸಾಲದೆ ಹೋದ್ರೆ ಗಾಡಿ ಜರ್ಕ್ ಹೊಡೀಬೇಕು, ಲೋಡ್ ಬಿದ್ದಾಗ ಆಫ್ ಆಗ್ಬೇಕು. ಟರ್ಬೊ ಹೋದ್ರೆ ಎಳೆಯಲ್ಲ ನಿಜ, ಆದ್ರೆ ನ್ಯೂಟ್ರಲಲ್ಲಿ ರೇಸ್ ಮಾಡಿದ್ರೆ ಸೌಂಡಾದ್ರೂ ಏರುತ್ತಲ್ವಾ? ಇದು ಕಲ್ಲು ಕೂತಂಗೆ ಒಂದೇ ಆರ್‌ಪಿಎಂನಲ್ಲಿ ಕೂತಿದೆ. ಅಂದ್ರೆ ಕಾಲು ಕೇಳ್ತಿರೋದು ಇಂಜಿನ್‌ವರೆಗೆ ತಲುಪ್ತಾನೇ ಇಲ್ಲ. "ಭಾವ, ಫಿಲ್ಟರ್ ಮುಟ್ಟೋದು ಬೇಡ, ಗಾಡಿ ಕಂಪ್ಯೂಟರಿಂದ ಎರರ್ ಕೋಡ್ ಓದೋ ಸ್ಕ್ಯಾನರ್ ಇರೋರನ್ನ ಕರೆಸಿ" ಅಂದೆ.

ಹಳೇ ಡೀಸೆಲ್ ಗಾಡಿಗಳಲ್ಲಿ ಪೆಡಲಿಂದ ಪಂಪ್‌ಗೆ ಕೇಬಲ್ ಇರ್ತಿತ್ತು, ಕಟ್ಟಾದ್ರೆ ತಂತಿ ಕಟ್ಕೊಂಡು ಮನೆ ಸೇರಬಹುದಿತ್ತು. ಈಗ ಪೆಡಲಲ್ಲಿ ಇರೋದು ಕಾಲು ಎಷ್ಟು ಒತ್ತಿದೆ ಅಂತ ವೋಲ್ಟೇಜಲ್ಲಿ ಹೇಳೋ ಸೆನ್ಸರ್. ಅದೂ ಒಂದಲ್ಲ, ಎರಡು. ನಮ್ಮ ಗಾಡೀಲಿ ಒಂದರ ವೋಲ್ಟೇಜು ಇನ್ನೊಂದರ ಅರ್ಧ ಇರ್ಬೇಕು, ಕಾಲು ತೆಗೆದಾಗ 0.7 ಮತ್ತೆ 0.35 ಹತ್ತಿರ, ಒತ್ತಿದ ಹಾಗೆ ಎರಡೂ ಜೊತೇಲೇ ಏರ್ಬೇಕು. ತಾಳೆ ಆಗ್ಲಿಲ್ಲ ಅಂದ್ರೆ ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ಎರಡನ್ನೂ ನಂಬಲ್ಲ, ಗಾಡಿ ತಾನಾಗೇ ಓಡೋದಕ್ಕಿಂತ ಓಡದೇ ಇರೋದೇ ವಾಸಿ ಅಂತ ಐಡಲಿಗೆ ಹಾಕಿಬಿಡುತ್ತೆ. ಸರಿಯಾದ ಲೆಕ್ಕಾನೇ, ಘಾಟಿಲಿ ಸಿಕ್ಕಾಕ್ಕೊಂಡೋರಿಗೆ ಮಾತ್ರ ಸಿಟ್ಟು ಬರುತ್ತೆ.

ಬಣಕಲ್ ಕಡೆಯಿಂದ ಬಂದ ಹುಡುಗ ಸ್ಕ್ಯಾನರ್ ಹಾಕಿದ, ಪಿ2127, ಪಿ2138 ಅಂತ ಎರಡು ಎರರ್ ಕೋಡ್ ಬಂತು, ಎರಡೂ ಪೆಡಲ್ ಸೆನ್ಸರಿಂದೇ. ಸ್ಕ್ಯಾನರ್ ಆಗಿಂದಾಗ್ಲೇ ತೋರಿಸೋ ಲೈವ್ ಡೇಟಾದಲ್ಲಿ ಮೊದಲನೇ ಸೆನ್ಸರಿಂದು ಕಾಲು ಒತ್ತಿದಂಗೆ ಏರ್ತಿತ್ತು, ಎರಡನೇದು ಸೊನ್ನೆ, ಅಲ್ಲಾಡಲ್ಲ. ಪೆಡಲ್ ಅಸೆಂಬ್ಲಿನೇ ಹೊಸದು ಹಾಕಣ ಅಂದ ಅವ್ನು, ನಾನು ಮೊದಲು ಮಲ್ಟಿಮೀಟರ್ ಹಿಡಿ ಅಂದೆ. ಕನೆಕ್ಟರ್ ಬಿಚ್ಚಿ ಕೀ ಆನ್ ಮಾಡಿ ನೋಡಿದ್ರೆ ಆರು ಪಿನ್ನಲ್ಲಿ 5 ವೋಲ್ಟ್ ಎರಡು ಕಡೆ ಬರ್ಬೇಕಿತ್ತು, ಒಂದೇ ಕಡೆ ಬರ್ತಿದೆ. ಪೆಡಲ್ ಸರಿಯಾಗೇ ಇದೆ, ವೈರೇ ಹೋಗಿದೆ. ಬಾನೆಟ್ ಒಳಗೆ ವೈರ್ ಹಿಡ್ಕೊಂಡು ಹೋದ್ರೆ ಬ್ಯಾಟರಿ ಹಿಂದೆ ಇಲಿ ಕಡಿದು ಎಳೆ ಎಳೆ ಮಾಡಿಟ್ಟಿದೆ, ಪಕ್ಕದಲ್ಲೇ ಒಣಗಿದ ಹುಲ್ಲಿನ ಗೂಡು ಬೇರೆ!

ಸುತ್ತಿ ಟೇಪ್ ಹಾಕೋಕೆ ಹೊರಟಿದ್ದ, ಬೇಡ ಅಂತ ಸೋಲ್ಡರ್ ಮಾಡ್ಸಿ ಮೇಲೆ ಸ್ಲೀವ್ ಹಾಕ್ಸಿದ್ವಿ, ಈ ಮಳೇಲಿ ಬರೀ ಸುತ್ತಿದ್ರೆ ತಾಮ್ರ ಹಸಿರು ಕಟ್ಟಿ ಮತ್ತೆ ಇದೇ ಗೋಳು. ಕೋಡ್ ಕ್ಲಿಯರ್ ಮಾಡಿ ಒತ್ತಿದ್ರೆ ಇಂಜಿನ್ ಗುಂಯ್ ಅಂತು. ಭಾವ ಅಲ್ಲೇ ಅಂಗಡೀಲಿ ಹೊಗೆಸೊಪ್ಪು ತಗೊಂಡು ಬ್ಯಾಟರಿ ಪಕ್ಕ ಕಟ್ಟಿದ್ರು, ಇಲಿ ಬರಲ್ವಂತೆ, ನೋಡೋಣ. ಮೂಡಿಗೆರೆ ಸೇರೋ ಹೊತ್ತಿಗೆ ಹಂಚು ಇಳಿಸೋರು ಕಾದು ಕಾದು ಮನೆಗೆ ಹೋಗಿದ್ರು, ಬೆಳಿಗ್ಗೆ ಬಂದು ಇಳಿಸಿದ್ರು.