75 ಕಿಲೋ ಚೀಲದಾಗ ಎಲ್ಲಾ ಲೆಕ್ಕ ಐತಿ

ಏಳನೇ ಕ್ಲಾಸಿನ ಹುಡುಗ್ರಿಗೆ ಭಿನ್ನರಾಶಿ ಹೇಳಿಕೊಡಬೇಕು ಅಂದ್ರ ಎಲ್ಲರೂ ಪಿಜ್ಜಾ ಚಿತ್ರ ತೆಗೀತಾರ, ಇಲ್ಲಾಂದ್ರ ಕೇಕು. ನಮ್ಮ ಗಂಗಾವತಿಯಾಗ ಅದ್ಯಾಕ್ ಬೇಕ್ರಿ, ಭತ್ತದ ಚೀಲ ಕಣ್ಣಿಗೆ ಬೀಳದ ದಿನ ಇಲ್ಲ. ಮಾರ್ಕೆಟ್ನಾಗ ರೇಟ್ ಮಾತಾಡೋದು 75 ಕಿಲೋ ಚೀಲಕ್ಕ, ಸರ್ಕಾರ ಬೆಂಬಲ ಬೆಲೆ ಹೇಳೋದು ಕ್ವಿಂಟಾಲಿಗೆ, ಕ್ವಿಂಟಾಲ್ ಅಂದ್ರ 100 ಕಿಲೋ, ಹಂಗಾಗಿ ಒಂದು ಚೀಲ ಅಂದ್ರ ಮುಕ್ಕಾಲು ಕ್ವಿಂಟಾಲ್. 3/4 ಅಂತ ಬರೀರಿ, 0.75 ಅಂತ ಬರೀರಿ, ಶೇ. 75 ಅಂತ ಬರೀರಿ, ಎಲ್ಲಾ ಅದೇ ಚೀಲ.

2024-25ರಾಗ ಸಾಮಾನ್ಯ ಭತ್ತಕ್ಕ ಬೆಂಬಲ ಬೆಲೆ ಕ್ವಿಂಟಾಲಿಗೆ 2300 ರೂಪಾಯಿ ಇತ್ತು. ಚೀಲಕ್ಕ ಎಷ್ಟಾತು ಹೇಳ್ರಿ ಅಂತ ನನ್ನ ಟ್ಯೂಷನ್ ಹುಡುಗ್ರಿಗೆ ಕೇಳಿದ್ರ ಒಬ್ಬ 2300 ನಾಲ್ಕು ಪಾಲು ಮಾಡಿ 575 ತೆಗೆದು ಅದರಾಗ ಮೂರು ಪಾಲು ಹಿಡಿದು 1725 ಅಂತಾನ, ಇನ್ನೊಬ್ಬಾಕಿ ಕಿಲೋಕ್ಕ 23 ರೂಪಾಯಿ ಬೀಳ್ತೈತಲ್ಲ ಅಕ್ಕಾ ಅಂತ ಅದನ್ನ 75ರಿಂದ ಗುಣಿಸಿ ಅಲ್ಲಿಗೇ ಬರ್ತಾಳ. ಆ 23 ಅನ್ನೋದು 2300ರ ಶೇಕಡಾ ಒಂದು! ಶೇಕಡಾ ಪಾಠ ಪುಸ್ತಕದಾಗ ಇನ್ನೂ ಮುಂದ ಬರೋದೈತಿ, ಆಕಿ ಆಗ್ಲೇ ಮಾಡಿಬಿಟ್ಟಾಳ. ಭಿನ್ನರಾಶಿ, ದಶಮಾಂಶ, ಶೇಕಡಾ ಈ ಮೂರನ್ನೂ ಬೇರೆ ಬೇರೆ ಪಾಠಕ್ಕ ಹಂಚಿ, ನಡುವ ತಿಂಗಳುಗಟ್ಟಲೆ ಗ್ಯಾಪ್ ಬಿಟ್ಟು ಕಲಿಸೋದು ನನಗಂತೂ ಸರಿ ಅನಸಂಗಿಲ್ಲ.

ಖರೇ ತಲಿನೋವು ಪಾಯಿಂಟ್ದು. 0.5 ದೊಡ್ಡದೋ 0.25 ದೊಡ್ಡದೋ ಅಂದ್ರ ಅರ್ಧ ಕ್ಲಾಸು 0.25 ಅಂತೈತಿ, ಯಾಕಂದ್ರ ಐದಕ್ಕಿಂತ ಇಪ್ಪತ್ತೈದು ದೊಡ್ಡದೈತಲ್ಲ. ಇದಕ್ಕ ನಾವು ಓದೋ ರೀತೀನೇ ಕಾರಣ, ಪಾಯಿಂಟ್ ಇಪ್ಪತ್ತೈದು ಅನ್ನೋದು ಬಿಟ್ಟು ಪಾಯಿಂಟ್ ಎರಡು ಐದು ಅಂತ ಓದಿಸಬೇಕು, ಐದರ ಮುಂದ ಒಂದು ಸೊನ್ನೆ ಹಾಕಿಸಿ 0.50 ಮಾಡಿಸಬೇಕು, ಆಮ್ಯಾಲ ತಾವೇ ನಗ್ತಾರ.

ಇನ್ನೊಂದು ಕಾರಣ ಐತಿ, ಇದನ್ನ ಯಾವ ಪುಸ್ತಕದವ್ರೂ ನಮ್ಮ ಕಡೆ ಹುಡುಗ್ರಿಗೆ ಹೇಳಂಗಿಲ್ಲ. ಮನಿಯಾಗ ಹೊಲದ ಲೆಕ್ಕ 2.20 ಅಂತ ಬರೆದಿರ್ತಾರ, ಅದು ಎರಡು ಎಕರೆ ಇಪ್ಪತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ, ಅಂದ್ರ ಅದು ಎರಡೂವರಿ ಎಕರೆ, ದಶಮಾಂಶದಾಗ 2.5. ಇನ್ನೊಂದು ಹೊಲ ಇಬ್ಬರು ಅಣ್ಣತಮ್ಮರು ತಲಾ 1.25, ಅಂದ್ರ ಒಂದು ಎಕರೆ ಇಪ್ಪತ್ತೈದು ಗುಂಟೆ, ಅಂತ ಪಾಲು ಹಂಚಿಕೊಂಡ್ರ ಕ್ಯಾಲ್ಕುಲೇಟರ್ ಕೂಡಿಸಿ 2.50 ತೋರಿಸ್ತೈತಿ, ಹೊಲ ಮಾತ್ರ ಮೂರು ಎಕರೆ ಹತ್ತು ಗುಂಟೆ. (ಈ ಕ್ಯಾಲ್ಕುಲೇಟರ್ ನಂಬಿದ್ರ ಜಗಳ ಗ್ಯಾರಂಟಿ.) ಕ್ರಿಕೆಟ್ನಾಗ 4.3 ಓವರ್ ಅಂದ್ರೂ ಹಂಗೇ, ನಾಲ್ಕೂವರಿ ಓವರ್. ಇಷ್ಟೆಲ್ಲಾ ಸುಳ್ಳು ಪಾಯಿಂಟ್ ನೋಡ್ಕೊಂಡು ಬೆಳೆದ ಹುಡುಗ, ಗಣಿತದ ಪಾಯಿಂಟ್ ಮಾತ್ರ ಹತ್ತರ ಲೆಕ್ಕದಾಗ ನಡೀತೈತಿ ಅಂತ ಹೆಂಗ ತಿಳ್ಕೊಬೇಕು, ಯಾರಾದ್ರೂ ಬಿಡಿಸಿ ಹೇಳ್ಬೇಕಲ್ಲ.

ಶೇಕಡಾ ಅದರಷ್ಟು ಕಷ್ಟ ಇಲ್ಲ, ನೂರಕ್ಕ ಎರಡು ರೂಪಾಯಿ ಬಡ್ಡಿ ಅಂದ್ರ ತಿಂಗಳಿಗೆ, ವರ್ಷಕ್ಕ 24 ಅಂತ ಎಲ್ಲಾರ ಮನಿಯಾಗೂ ಗೊತ್ತು. ಆದ್ರ ಎದರ ಶೇಕಡಾ ಅಂತ ಕೇಳೋದು ಮರೀತಾರ. ಅದಕ್ಕ ನಾನು ತುಂಗಭದ್ರಾ ಡ್ಯಾಂ ಲೆಕ್ಕ ಕೊಡ್ತೀನಿ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡೀತಿತ್ತು, ಹೂಳು ತುಂಬಿ ಈಗ ಲೆಕ್ಕಕ್ಕ ಹಿಡಿಯೋದು 105.788 ಟಿಎಂಸಿ. ಡ್ಯಾಂ ಪೂರ್ತಿ ತುಂಬೈತಿ, ಶೇ. 100 ಅಂತ ಪೇಪರಿನಾಗ ಬಂದ್ರ, ಹಳೇ 133ಕ್ಕ ಹೋಲಿಸಿ ಎಷ್ಟು ತುಂಬೈತಿ ಹೇಳ್ರಿ ಅಂತೀನಿ. ಸರಿಯಾಗಿ ಮಾಡಿದವ್ರಿಗೆ 79.5 ಬರ್ತೈತಿ, ಉಳಿದ 20.5 ಎಲ್ಲಿ ಹೋತು ಅಂತ ಅವ್ರೇ ಕೇಳ್ತಾರ, ಅಲ್ಲಿಂದ ಗಣಿತ ಬಿಟ್ಟು ಹೂಳಿನ ಮಾತು ಶುರು ಆಗ್ತೈತಿ.