ಪೈ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಏನು ಮಾಡಲಿ?

ಬಿಸ್ಕತ್ತಿನ ತಳದ ಮೇಲೆ ಐಸ್‌ಕ್ರೀಮಿನಂಥ ಹೂರಣ ತುಂಬುವ ನನ್ನ ಚಾಕೊಲೇಟ್-ಪುದೀನ ಪೈ ಮಾಡಿ ಫ್ರೀಜರಿನಲ್ಲಿಟ್ಟವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಓವನ್ ಬೇಡ, ಐಸ್‌ಕ್ರೀಮ್ ಯಂತ್ರ ಬೇಡ ಅಂದ್ರಿ, ಸರಿ. ಆದರೆ ನನ್ನ ಪೈಗೆ ಚಾಕುನೇ ಇಳಿಯಲ್ಲ. ನಿಮ್ಮದು ಹೇಗೆ ಮೆತ್ತಗಿರುತ್ತೆ?"

ನಾನು ತಿರುಗಿ ಕೇಳುವುದು ಎರಡೇ: ಸಿಹಿ ಕಡಿಮೆ ಮಾಡಿದ್ರಾ? ಕ್ರೀಮಿನ ಜೊತೆ ಹಾಲು ಬೆರೆಸಿದ್ರಾ? ಒಂದಕ್ಕಾದರೂ ಹೌದು ಎನ್ನುವವರೇ ಜಾಸ್ತಿ. ನಾನೂ ಒಮ್ಮೆ ಅತಿಸಿಹಿ ಬೇಡವೆಂದು ಕಂಡೆನ್ಸ್ಡ್ ಮಿಲ್ಕ್ (ಸಕ್ಕರೆ ಹಾಕಿ ಗಟ್ಟಿಯಾಗಿಸಿದ ಡಬ್ಬಿ ಹಾಲು) ಅರ್ಧಕ್ಕೆ ಇಳಿಸಿ, ಹಾಲು ಸುರಿದು ಮಾಡಿದ್ದೆ. ಬಾಯಿಗಿಟ್ಟರೆ ಮಂಜಿನ ಹರಳು ಕರಕರ ಎನ್ನುತ್ತಿತ್ತು.

ಗಟ್ಟಿಯಾಗಿ ಹೆಪ್ಪುಗಟ್ಟುವುದು ನೀರು. ಸಕ್ಕರೆ ಕರಗಿದ ನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಫ್ರೀಜರಿನ ಮೈನಸ್ 18ರಲ್ಲೂ ಒಂದಷ್ಟು ದ್ರವವಾಗಿಯೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ಕಂಡೆನ್ಸ್ಡ್ ಮಿಲ್ಕ್ ಬರೀ ಸಿಹಿಗಲ್ಲ, ಮೆದುತನಕ್ಕೂ ಬೇಕು. ಹೇಗೂ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆಯೇ ತಿಳಿಯುತ್ತದೆ. ಯಂತ್ರ ಕಡೆಯುತ್ತಾ ಸೇರಿಸುವ ಗಾಳಿಯನ್ನು ನಾವು ಕ್ರೀಮನ್ನು ಬೀಟ್ ಮಾಡಿ ಮೊದಲೇ ತುಂಬಿಸಿಕೊಳ್ಳಬೇಕು.

9 ಅಂಗುಲದ ಟಿನ್ನಿಗೆ ನನ್ನ ಅಳತೆ: 250 ಗ್ರಾಂ ಚಾಕೊಲೇಟ್ ಬಿಸ್ಕತ್ತಿನ ಪುಡಿಗೆ 100 ಗ್ರಾಂ ಕರಗಿಸಿದ ಬೆಣ್ಣೆ ಕಲಸಿ, ಲೋಟದ ತಳದಿಂದ ಒತ್ತಿ ಕೂರಿಸಿ ಅರ್ಧ ಗಂಟೆ ಫ್ರೀಜರಿಗೆ. ಹೂರಣಕ್ಕೆ 400 ಮಿ.ಲೀ. ವಿಪ್ಪಿಂಗ್ ಕ್ರೀಮ್, 300 ಗ್ರಾಂ ಕಂಡೆನ್ಸ್ಡ್ ಮಿಲ್ಕ್. ಕ್ರೀಮಿನಲ್ಲಿ ಕೊಬ್ಬು ಶೇ. 30ಕ್ಕಿಂತ ಕಡಿಮೆಯಿದ್ದರೆ ಎಷ್ಟು ಬೀಟ್ ಮಾಡಿದರೂ ಗಾಳಿ ನಿಲ್ಲದು. ಪಾತ್ರೆ, ಬೀಟರ್, ಕ್ರೀಮ್ ಮೂರೂ ತಣ್ಣಗಿರಲಿ. ಬೀಟರ್ ಎತ್ತಿದಾಗ ಕ್ರೀಮಿನ ತುದಿ ಗಿಳಿಯ ಕೊಕ್ಕಿನಂತೆ ಬಾಗಿ ನಿಂತರೆ ಸಾಕು. ಅಲ್ಲಿಂದ ಮುಂದೆ ಹೋದರೆ ಬೆಣ್ಣೆ ಬರತೊಡಗುತ್ತದೆ. ಕಂಡೆನ್ಸ್ಡ್ ಮಿಲ್ಕನ್ನು ಸೌಟಿನಿಂದ ಅಡಿಯಿಂದ ಮೇಲಕ್ಕೆ ಮಗುಚುತ್ತಾ ಬೆರೆಸಿ.

ಪುದೀನದ ಎಲೆ ರುಬ್ಬಿ ಹಾಕಬಹುದಾ ಅಂತಲೂ ಕೇಳುತ್ತಾರೆ. ಬೇಡ. ನೀರು ಸೇರುತ್ತದೆ, ಹಸಿ ಸೊಪ್ಪಿನ ವಾಸನೆಯೂ ಬರುತ್ತದೆ. ಎಲೆಯದೇ ರುಚಿ ಬೇಕೆಂದರೆ ಬಿಸಿ ಕ್ರೀಮಿನಲ್ಲಿ ಅರ್ಧ ಗಂಟೆ ನೆನೆಸಿ, ಸೋಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೀಟ್ ಮಾಡಿ. ಆದರೆ ಸಾಮಾನ್ಯ ಪುದೀನದಲ್ಲಿ ಮೆಂಥಾಲ್ ಇಲ್ಲವೆನ್ನುವಷ್ಟು ಕಡಿಮೆ. ಗಂಟಲವರೆಗೂ ತಣ್ಣಗೆ ಇಳಿಯುವ ಆ ಅನುಭವ ಪೆಪ್ಪರ್‌ಮಿಂಟ್ ಎಸೆನ್ಸಿನದು. ಚಳಿಯನ್ನು ಗುರುತಿಸುವ ನರಗಳನ್ನೇ ಮೆಂಥಾಲ್ ಎಚ್ಚರಿಸುತ್ತದೆ, ಹಾಗಾಗಿ ತಣ್ಣನೆಯ ಪೈ ಇನ್ನೂ ತಣ್ಣಗೆನಿಸುತ್ತದೆ. ಎಸೆನ್ಸನ್ನು ಅರ್ಧ ಟೀ ಚಮಚದಿಂದ ಶುರುಮಾಡಿ, ರುಚಿ ನೋಡಿ ಹನಿಹನಿಯಾಗಿ ಹೆಚ್ಚಿಸಿ. ಮಿತಿ ಮೀರಿದರೆ ಟೂತ್‌ಪೇಸ್ಟ್ ನೆನಪಾಗುತ್ತದೆ.

ನನಗೆ ಅತಿ ಪ್ರಿಯವಾದ ಕೆಲಸ ಚಾಕೊಲೇಟಿನದು. ಚಾಕೊಲೇಟಿನ ಕೊಬ್ಬು ಕರಗುವುದು ಹತ್ತಿರ ಹತ್ತಿರ 34 ಡಿಗ್ರಿಯಲ್ಲಿ. ದಪ್ಪ ತುಂಡುಗಳನ್ನು ಹಾಕಿದರೆ ತಣ್ಣಗಾದ ಬಾಯಿಯಲ್ಲಿ ಅವು ಕರಗದೆ ಮೇಣದಂತೆ ಉಳಿಯುತ್ತವೆ. 100 ಗ್ರಾಂ ಡಾರ್ಕ್ ಚಾಕೊಲೇಟನ್ನು 2 ಟೀ ಚಮಚ ವಾಸನೆಯಿಲ್ಲದ ಎಣ್ಣೆಯೊಂದಿಗೆ ಕರಗಿಸಿ, ಉಗುರುಬೆಚ್ಚಗಾದ ಮೇಲೆ ಚಮಚದ ತುದಿಯಿಂದ ನೂಲಿನಂತೆ ಕ್ರೀಮಿನ ಮೇಲೆ ಇಳಿಸಿ. ತಣ್ಣನೆಯ ಕ್ರೀಮು ತಾಕಿದೊಡನೆ ಎಳೆ ಮಂಕಾಗಿ ಬಿಗಿಯುತ್ತದೆ. ಸೌಟು ಆಡಿಸಿದರೆ ಚೂರುಚೂರಾಗಿ ಒಡೆಯುತ್ತದೆ. ಈ ತೆಳು ಚೂರುಗಳು ಹಲ್ಲಿಗೆ ಸಿಕ್ಕು ಮರುಕ್ಷಣವೇ ಕರಗುತ್ತವೆ.

ಹೂರಣವನ್ನು ಬಿಸ್ಕತ್ತಿನ ತಳದ ಮೇಲೆ ಸುರಿದು, ಮೇಲ್ಮೈಗೆ ಪ್ಲಾಸ್ಟಿಕ್ ಹಾಳೆ ತಾಗಿಸಿ ಮುಚ್ಚಿ, ಫ್ರೀಜರಿನಲ್ಲಿ ಕನಿಷ್ಠ 6 ಗಂಟೆ ಬಿಡಿ. ಕತ್ತರಿಸುವ 10 ನಿಮಿಷ ಮೊದಲು ಹೊರಗಿಟ್ಟು, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕು ಬಳಸಿ. ಬೇಕಾದಷ್ಟು ಹೋಳು ಮಾಡಿಕೊಂಡು ಉಳಿದದ್ದನ್ನು ತಕ್ಷಣ ಒಳಗಿಡಿ. ಒಮ್ಮೆ ಕರಗಿದರೆ ಗಾಳಿ ಹೋಗುತ್ತದೆ, ಮತ್ತೆ ಹೆಪ್ಪುಗಟ್ಟಿಸಿದರೆ ಅದೇ ಕರಕರ.